ರೂಬಾರ್ಬ್: ಚಳಿ ಬೇಡುವ ಗಿಡ, ಹುಳಿ ಕೊಡುವ ದಂಟು

ಇಂಗ್ಲೆಂಡಿನಲ್ಲಿ ಫೆಬ್ರವರಿ ಮುಗಿಯುತ್ತಾ ಬಂದಾಗ ಹಿತ್ತಿಲ ಮಣ್ಣು ಇನ್ನೂ ಬೋಳಾಗಿಯೇ ಇರುತ್ತದೆ. ಹಿಂದಿನ ವರ್ಷದ ಎಲೆಗಳು ಕೊಳೆತು, ಕಪ್ಪಾಗಿ ನೆಲಕ್ಕೆ ಅಂಟಿಕೊಂಡಿರುತ್ತವೆ. ಅವುಗಳ ನಡುವೆ ಗುಲಾಬಿ ಬಣ್ಣದ ದಪ್ಪ ಮೊಗ್ಗುಗಳು ಮಣ್ಣು ಸೀಳಿಕೊಂಡು ಮೇಲೆದ್ದರೆ ಅದು ರೂಬಾರ್ಬ್. ಮೊಗ್ಗಿನ ಹೊದಿಕೆ ಬಿರಿದಾಗ ಒಳಗೆ ಹಳದಿ ಮಿಶ್ರಿತ ಹಸಿರೆಲೆ ಸುಕ್ಕುಸುಕ್ಕಾಗಿ ಮಡಚಿಕೊಂಡಿರುತ್ತದೆ. ಏಪ್ರಿಲ್ ಕಳೆಯುವಷ್ಟರಲ್ಲಿ ಅದೇ ಎಲೆ ಮೊರದಗಲ ಹರಡುತ್ತದೆ. ಅದನ್ನು ಎತ್ತಿ ಹಿಡಿಯುವುದು ಮೊಳದುದ್ದದ ದಂಟು, ಬುಡದಲ್ಲಿ ಕೆಂಪು, ತುದಿಯತ್ತ ಹಸಿರು. ಈ ಗಿಡದಲ್ಲಿ ಮನುಷ್ಯ ತಿನ್ನುವುದು ಆ ದಂಟನ್ನು ಮಾತ್ರ.

ಯುರೋಪ್, ಅಮೆರಿಕ, ಕೆನಡಾಗಳಲ್ಲಿ ಮನೆ ಮಾಡಿಕೊಂಡ ಕನ್ನಡಿಗರಿಗೆ ಈ ಗಿಡ ಮನೆಯ ಜೊತೆಗೇ ಬಂದಿರುವುದುಂಟು. ಒಮ್ಮೆ ಬೇರೂರಿದರೆ ಹತ್ತು ಹದಿನೈದು ವರ್ಷ ಅದೇ ಜಾಗದಲ್ಲಿ ಬಾಳುವ ಗಿಡವಿದು. ಹಿಂದಿನ ಮನೆಯವರು ನೆಟ್ಟದ್ದು ಹೊಸಬರ ಪಾಲಾಗುತ್ತದೆ. ಆಮೇಲೆ ಪ್ರಶ್ನೆಗಳು ಹುಟ್ಟುತ್ತವೆ. ಎಲೆ ವಿಷವಂತೆ, ನಿಜವೇ? ಯಾವಾಗ ಕೀಳಬೇಕು? ಇಷ್ಟು ಹುಳಿ ಇರುವುದನ್ನು ತಿನ್ನುವುದಾದರೂ ಹೇಗೆ?

ಕೊನೆಯ ಪ್ರಶ್ನೆಗೆ ಇಂಗ್ಲಿಷ್ ಅಡುಗೆ ಪುಸ್ತಕಗಳು ಕೊಡುವ ಉತ್ತರ ಬಹುಮಟ್ಟಿಗೆ ಒಂದೇ: ಸಕ್ಕರೆ. ಪೈ, ಕ್ರಂಬಲ್, ಫೂಲ್, ಜಾಮ್, ಎಲ್ಲವೂ ಆ ದಾರಿಯವೇ. ಆದರೆ ರೂಬಾರ್ಬ್‌ನ ತವರು ಏಷ್ಯಾ. ಇರಾನ್, ಅಫ್ಘಾನಿಸ್ತಾನ, ಹಿಮಾಲಯದ ತಪ್ಪಲುಗಳಲ್ಲಿ ಅದರ ಹುಳಿಯನ್ನು ಹುಳಿಯಾಗಿಯೇ ಉಳಿಸಿಕೊಂಡು ಉಪ್ಪು, ಸೊಪ್ಪು, ಮಾಂಸಗಳ ಜೊತೆ ಉಣ್ಣುತ್ತಾರೆ. ಹುಣಸೆ, ಪುಂಡಿ, ಮಾವಿನಕಾಯಿಗಳಿಂದ ನಾಲಿಗೆ ಪಳಗಿಸಿಕೊಂಡ ಕನ್ನಡದ ಅಡುಗೆಮನೆಗೆ ಹತ್ತಿರವಾದದ್ದು ಈ ಎರಡನೆಯ ದಾರಿ. ಅದನ್ನು ಗಮನಿಸದೆ ಕ್ರಂಬಲ್ ಒಂದನ್ನೇ ಕಲಿತು ನಿಲ್ಲುವುದು ನಷ್ಟ.

ಸಸ್ಯಶಾಸ್ತ್ರವೂ ಈ ನಂಟನ್ನು ಹೇಳುತ್ತದೆ. ರೂಬಾರ್ಬ್ ಪಾಲಿಗೋನೇಸಿ ಕುಟುಂಬದ್ದು. ಉತ್ತರ ಭಾರತದವರು ಉಪವಾಸದ ದಿನ ತಿನ್ನುವ ಕುಟ್ಟು ಅದೇ ಕುಟುಂಬ. ನಮ್ಮ ಚುಕ್ಕೆ ಸೊಪ್ಪೂ ಅದೇ. ಬಳ್ಳಾರಿ, ರಾಯಚೂರು ಕಡೆ ಚುಕ್ಕೆ ಸೊಪ್ಪನ್ನು ಬೇಳೆಯ ಜೊತೆ ಬೇಯಿಸಿ ಉಂಡವರಿಗೆ ರೂಬಾರ್ಬ್ ರುಚಿ ಪೂರ್ತಿ ಅಪರಿಚಿತವಲ್ಲ.

ಶತಮಾನಗಳ ಕಾಲ ಜಗತ್ತಿಗೆ ರೂಬಾರ್ಬ್ ಎಂದರೆ ದಂಟಲ್ಲ, ಬೇರು. ಚೀನಾದಲ್ಲಿ ದಾ ಹುವಾಂಗ್ ಎಂಬ ಹೆಸರಿನ ಆ ಹಳದಿ ಬೇರನ್ನು ಸುಮಾರು ಎರಡು ಸಾವಿರ ವರ್ಷಗಳಿಂದ ಭೇದಿ ಔಷಧವಾಗಿ ಕೊಡುತ್ತಿದ್ದರು. ಟ್ಯಾಂಗುಟ್ ಸೀಮೆಯ ಬೆಟ್ಟಗಳಲ್ಲಿ ಅದು ಹೇರಳವಾಗಿ ಬೆಳೆಯುವುದನ್ನೂ ವ್ಯಾಪಾರಿಗಳು ಅಲ್ಲಿಂದ ಕೊಂಡೊಯ್ಯುವುದನ್ನೂ ಮಾರ್ಕೊ ಪೋಲೊ ಹೇಳಿದ್ದಾನೆ. 18ನೇ ಶತಮಾನದ ಬಹುಭಾಗ ರಷ್ಯಾ ಸರ್ಕಾರ ಈ ವ್ಯಾಪಾರವನ್ನು ತನ್ನ ಕೈಯಲ್ಲೇ ಇಟ್ಟುಕೊಂಡಿತ್ತು. ಚೀನಾ ಗಡಿಯ ಕ್ಯಾಖ್ತಾ ಪಟ್ಟಣದಲ್ಲಿ ಬೇರುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಒಳ್ಳೆಯದನ್ನಷ್ಟೇ ಮುಂದೆ ಬಿಡುತ್ತಿದ್ದರು. 1839ರಲ್ಲಿ, ಅಫೀಮು ಯುದ್ಧದ ಹೊಸ್ತಿಲಲ್ಲಿ, ಚೀನಾದ ಅಧಿಕಾರಿ ಲಿನ್ ಜೆಶು ವಿಕ್ಟೋರಿಯಾ ರಾಣಿಗೆ ಬರೆದ ಪತ್ರದಲ್ಲಿ ಚಹಾ ಮತ್ತು ರೂಬಾರ್ಬ್ ಇಲ್ಲದೆ ಪರದೇಶದವರು ಬದುಕಲಾರರು ಎಂಬ ಅರ್ಥದ ಮಾತಿದೆ. ಒಂದು ಬೇರಿಗೆ ಅಷ್ಟು ತೂಕವಿತ್ತು. ಕರ್ನಾಟಕದ ಗ್ರಂಧಿಗೆ ಅಂಗಡಿಗಳಲ್ಲಿ ರೇವಲ್ಚಿನ್ನಿ ಎಂದು ಕೊಡುವ ಬೇರಿನ ತುಂಡು ಈ ಬಳಗದ ಹಿಮಾಲಯದ ಜಾತಿಯದು. ಮದ್ದಿಗಾಗಿ ಮಿತಿಯಿಲ್ಲದೆ ಅಗೆದು ಬೆಟ್ಟಗಳಲ್ಲಿ ಅದು ವಿರಳವಾಗುತ್ತಿರುವುದು ಚಿಂತೆಯ ಸಂಗತಿ.

ಯುರೋಪಿನವರು ಈ ಬೇರನ್ನು ತಮ್ಮ ನೆಲದಲ್ಲೇ ಬೆಳೆಯಲು ಬೀಜ ತರಿಸಿ ಬಿತ್ತಿದರು. ಗಿಡ ಬೆಳೆಯಿತು, ಆದರೆ ಅವರು ಬೆಳೆದ ಜಾತಿಗಳ ಬೇರಿಗೆ ಚೀನಾದ ಬೇರಿನ ಕಸುವು ಬರಲಿಲ್ಲ. ಉಳಿದದ್ದು ದಂಟು. 1739ರಲ್ಲಿ ಲಂಡನ್ನಿನ ಬಟ್ಟೆ ವ್ಯಾಪಾರಿ, ಸಸ್ಯಪ್ರೇಮಿ ಪೀಟರ್ ಕಾಲಿನ್ಸನ್ ಫಿಲಡೆಲ್ಫಿಯಾದ ಜಾನ್ ಬಾರ್ಟ್ರಮ್‌ಗೆ ಬರೆಯುತ್ತಾ, ಈ ದಂಟಿನಿಂದ ಟಾರ್ಟ್ ಮಾಡಬಹುದೆಂದು ತಿಳಿಸಿದ್ದ. ಆದರೂ ಜನಸಾಮಾನ್ಯರ ಅಡುಗೆಮನೆಗೆ ಅದು ಬರಲು ಮುಕ್ಕಾಲು ಶತಮಾನ ಹಿಡಿಯಿತು. ಕಾರಣ ಸರಳ: ಸಕ್ಕರೆ ತುಟ್ಟಿಯಾಗಿತ್ತು. ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರ ದುಡಿಮೆಯಿಂದ ತೆಗೆದ ಸಕ್ಕರೆ ಇಂಗ್ಲೆಂಡಿಗೆ ರಾಶಿ ರಾಶಿಯಾಗಿ ಬರತೊಡಗಿದ ಮೇಲೆಯೇ ಹುಳಿ ದಂಟಿಗೆ ಸಿಹಿತಿನಿಸಿನ ಪಟ್ಟ ಸಿಕ್ಕಿತು. 19ನೇ ಶತಮಾನದ ಆರಂಭದಲ್ಲಿ ಡೆಪ್ಟ್‌ಫರ್ಡ್‌ನ ತೋಟಗಾರ ಜೋಸೆಫ್ ಮಯಟ್ ದಂಟಿನ ಕಟ್ಟುಗಳನ್ನು ಲಂಡನ್ನಿನ ಬರೋ ಮಾರುಕಟ್ಟೆಗೆ ಕಳಿಸಿದಾಗ ಎಲ್ಲವೂ ಮಾರಾಟವಾಗಲಿಲ್ಲ ಎಂದು ಹೇಳುತ್ತಾರೆ. ಆತ ಬಿಡಲಿಲ್ಲ. 1837ರಲ್ಲಿ, ರಾಣಿ ಪಟ್ಟವೇರಿದ ವರ್ಷ, ಅವನ ತೋಟದಿಂದ ಹೊರಬಂದ ‘ವಿಕ್ಟೋರಿಯಾ’ ತಳಿಯನ್ನು ಇಂದಿಗೂ ಮನೆ ಹಿತ್ತಿಲುಗಳಲ್ಲಿ ಬೆಳೆಯುತ್ತಾರೆ. 1874ರಲ್ಲಿ ಬ್ರಿಟನ್ ಸಕ್ಕರೆ ಮೇಲಿನ ಸುಂಕವನ್ನೇ ತೆಗೆದುಹಾಕಿತು. ಯಾರ್ಕ್‌ಷೈರ್‌ನ ದೊಡ್ಡ ರೂಬಾರ್ಬ್ ಉದ್ಯಮ ತಲೆಯೆತ್ತಿದ್ದು ಅದೇ ದಶಕದಲ್ಲಿ.

ಆ ಉದ್ಯಮದ ಹಿಂದೆ ಒಂದು ಆಕಸ್ಮಿಕವಿದೆ. 19ನೇ ಶತಮಾನದ ಎರಡನೆಯ ದಶಕದಲ್ಲಿ ಲಂಡನ್ನಿನ ಚೆಲ್ಸಿ ಫಿಸಿಕ್ ಗಾರ್ಡನ್‌ನಲ್ಲಿ ರೂಬಾರ್ಬ್ ಬುಡಗಳ ಮೇಲೆ ಯಾರೋ ಮಣ್ಣು ಸುರಿದಿದ್ದರು. ಮಣ್ಣು ಸರಿಸಿದಾಗ ಒಳಗೆ ಎಳೆಯ, ತಿಳಿಗುಲಾಬಿ ದಂಟುಗಳು ಸಿಕ್ಕವು. ಬೆಳಕಿಲ್ಲದಿದ್ದರೆ ಎಲೆ ಅರಳುವುದಿಲ್ಲ, ಹಸಿರು ಕೂಡುವುದಿಲ್ಲ. ಬೇರಿನಲ್ಲಿ ಕೂಡಿಟ್ಟ ಪಿಷ್ಟ ಸಕ್ಕರೆಯಾಗಿ ದಂಟಿಗೆ ಏರುತ್ತದೆ. ಬಿಸಿಲಲ್ಲಿ ಬೆಳೆದ ದಂಟಿಗಿಂತ ಅದು ಮೆತ್ತಗೆ, ಹುಳಿಯೂ ಕಡಿಮೆ.

ಯಾರ್ಕ್‌ಷೈರ್‌ನ ವೇಕ್‌ಫೀಲ್ಡ್, ಮಾರ್ಲಿ, ರಾಥ್‌ವೆಲ್ ಊರುಗಳ ನಡುವಿನ ಒಂಬತ್ತು ಚದರ ಮೈಲಿ ನೆಲವನ್ನು ‘ರೂಬಾರ್ಬ್ ತ್ರಿಕೋನ’ ಎಂದು ಕರೆಯುತ್ತಾರೆ. ಈ ಬೆಳೆಗೆ ಬೇಕಾದ ಎಲ್ಲವೂ ಅಲ್ಲಿ ಕೈಗೆಟುಕುವಂತಿತ್ತು: ಕೊರೆಯುವ ಚಳಿ, ಒಳ್ಳೆ ಮಳೆ, ಷೆಡ್ ಬೆಚ್ಚಗಿಡಲು ಗಣಿಯ ಅಗ್ಗದ ಕಲ್ಲಿದ್ದಲು, ಗೊಬ್ಬರಕ್ಕೆ ಉಣ್ಣೆ ಗಿರಣಿಗಳ ಕಸ. ಉಣ್ಣೆ ನಿಧಾನವಾಗಿ ಕೊಳೆತು ಸಾರಜನಕ ಬಿಟ್ಟುಕೊಡುತ್ತದೆ. ಗಿಡಗಳನ್ನು ಎರಡು ವರ್ಷ ಹೊಲದಲ್ಲಿ ಒಂದು ದಂಟನ್ನೂ ಕೀಳದೆ ಬೆಳೆಸಿ, ಹಿಮ ಬಿದ್ದ ಮೇಲೆ ಬೇರುಸಮೇತ ಕಿತ್ತು ಕತ್ತಲೆಯ ಷೆಡ್‌ಗೆ ತಂದು ಒತ್ತೊತ್ತಾಗಿ ಜೋಡಿಸುತ್ತಾರೆ. ತಗ್ಗು ಚಾವಣಿ, ಬೆಚ್ಚನೆಯ ತೇವ, ಅಲ್ಲಲ್ಲಿ ನೆಟ್ಟ ಮೇಣದಬತ್ತಿ. ಬೆಳಕು ಹೆಚ್ಚಾದರೆ ಬಣ್ಣ ಕೆಡುತ್ತದೆಂದು ಕೊಯ್ಲು ಆ ಮಂದ ಬೆಳಕಿನಲ್ಲೇ ನಡೆಯುತ್ತದೆ. ಸದ್ದು ಮಾಡದೆ ನಿಂತರೆ ಮೊಗ್ಗುಗಳು ಬಿರಿಯುವ ‘ಪಟ್’ ಸದ್ದು, ದಂಟುಗಳು ಒಂದಕ್ಕೊಂದು ಉಜ್ಜಿಕೊಳ್ಳುವ ಕಿರುಗುಟ್ಟು ಕೇಳಿಸುತ್ತದೆ. ಗಿಡ ಬೆಳೆಯುವುದನ್ನು ಕಿವಿಯಿಂದ ಕೇಳಬಹುದಾದ ಜಾಗಗಳು ಹೆಚ್ಚಿಲ್ಲ. ಕೊಯ್ಲು ಮುಗಿಯುವಷ್ಟರಲ್ಲಿ ಬೇರಿನ ಸತ್ವವೆಲ್ಲ ಬತ್ತಿರುತ್ತದೆ; ಅದು ಗೊಬ್ಬರದ ಗುಂಡಿ ಸೇರುತ್ತದೆ.

ಒಂದು ಕಾಲಕ್ಕೆ ಜಗತ್ತಿನ ಚಳಿಗಾಲದ ರೂಬಾರ್ಬ್‌ನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಈ ಸೀಮೆಯದಾಗಿತ್ತು ಎನ್ನುತ್ತಾರೆ. ಹಂಗಾಮಿನಲ್ಲಿ ಲಂಡನ್ನಿಗೆ ‘ರೂಬಾರ್ಬ್ ಎಕ್ಸ್‌ಪ್ರೆಸ್’ ಎಂಬ ಪ್ರತ್ಯೇಕ ರೈಲೇ ಓಡುತ್ತಿತ್ತು. ಎರಡನೆಯ ಮಹಾಯುದ್ಧದ ನಂತರ ದೂರದ ದೇಶಗಳ ಹಣ್ಣು ಚಳಿಗಾಲದಲ್ಲೂ ಅಗ್ಗವಾಗಿ ಸಿಗತೊಡಗಿತು. ಇನ್ನೂರಕ್ಕೂ ಹೆಚ್ಚಿದ್ದ ಬೆಳೆಗಾರರು ಹತ್ತು ಹನ್ನೆರಡಕ್ಕೆ ಇಳಿದರು. 2010ರಲ್ಲಿ ಯುರೋಪಿಯನ್ ಒಕ್ಕೂಟ ‘ಯಾರ್ಕ್‌ಷೈರ್ ಫೋರ್ಸ್ಡ್ ರೂಬಾರ್ಬ್’ ಹೆಸರಿಗೆ ಮೂಲಸ್ಥಳದ ರಕ್ಷಣೆ ಕೊಟ್ಟಿತು. ನಮ್ಮ ನಂಜನಗೂಡು ರಸಬಾಳೆಗೆ ಸಿಕ್ಕ ಭೌಗೋಳಿಕ ಮಾನ್ಯತೆಯಂಥದೇ ಇದು. ಉಳಿದಿರುವ ಬೆಳೆಗಾರರಿಗೆ ಈಗ ಚಳಿಯದೇ ಚಿಂತೆ. ಬೇರು ಎಷ್ಟು ಚಳಿ ಉಂಡಿದೆ ಎಂದು ದಿನದಿನವೂ ಲೆಕ್ಕವಿಟ್ಟು, ತಳಿಗೆ ತಕ್ಕಷ್ಟು ಆದ ಮೇಲೆಯೇ ಷೆಡ್‌ಗೆ ಸಾಗಿಸಬೇಕು. ಶರತ್ಕಾಲ ಬೆಚ್ಚಗಾದಂತೆ ಆ ದಿನ ಮುಂದೆ ಹೋಗುತ್ತದೆ.

ಮನೆಯಲ್ಲಿ ಬೆಳೆಯುವವರಿಗೆ ಬೇಕಾದ ಮುಖ್ಯ ತಿಳಿವಳಿಕೆಯೂ ಇದೇ. ಚಳಿಗಾಲದಲ್ಲಿ ಕೆಲವು ವಾರ ಐದು ಡಿಗ್ರಿಗಿಂತ ಕೆಳಗಿನ ಚಳಿ ಸಿಗದಿದ್ದರೆ ರೂಬಾರ್ಬ್ ಬೇರು ಸರಿಯಾಗಿ ನಿದ್ದೆ ಮಾಡುವುದಿಲ್ಲ, ವಸಂತದಲ್ಲಿ ಚೆನ್ನಾಗಿ ಎಚ್ಚರವಾಗುವುದೂ ಇಲ್ಲ. ಬೇಸಿಗೆ 32 ಡಿಗ್ರಿ ದಾಟಿದರೆ ಎಲೆ ಸೊರಗುತ್ತದೆ. ಬೆಂಗಳೂರಿನ ಜನವರಿ ರಾತ್ರಿಗಳೇ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿರುತ್ತವೆ. ಅಲ್ಲಿ ತಾರಸಿ ಕುಂಡದಲ್ಲಿ ಇದನ್ನು ಬಹುವಾರ್ಷಿಕ ಗಿಡವಾಗಿ ಬಾಳಿಸುವ ಆಸೆ ಕೈಬಿಡುವುದೇ ಒಳ್ಳೆಯದು. ಟೆಕ್ಸಾಸ್, ಫ್ಲಾರಿಡಾಗಳ ಬೆಚ್ಚನೆಯ ಭಾಗಗಳಲ್ಲಿ ಮಾಡುವಂತೆ, ಬೇಸಿಗೆ ತಗ್ಗಿದ ಮೇಲೆ ಬೀಜ ಹಾಕಿ, ಒಂದೇ ಹಂಗಾಮಿನ ಗಿಡವಾಗಿ ಬೆಳೆಸಬಹುದು, ದಂಟು ಸಣಕಲಾಗಿರುತ್ತದೆ. ಅಷ್ಟು ಶ್ರಮ ಪಡುವ ಬದಲು ಅದೇ ಕುಂಡಕ್ಕೆ ಚುಕ್ಕೆ ಸೊಪ್ಪು ಹಾಕಿದರೆ ತಿಂಗಳೊಪ್ಪತ್ತಿನಲ್ಲಿ ಹುಳಿ ಕೈಗೆ ಬರುತ್ತದೆ.

ಚಳಿ ಇರುವ ಊರಿನಲ್ಲಿ ರೂಬಾರ್ಬ್‌ನಷ್ಟು ಕಡಿಮೆ ಕಾಡುವ ಗಿಡ ಅಪರೂಪ. ಬೀಜಕ್ಕಿಂತ ಬೇರಿನ ತುಂಡಿನಿಂದ ಎಬ್ಬಿಸುವುದು ವಾಸಿ, ಏಕೆಂದರೆ ಬೀಜದ ಗಿಡ ತಾಯಿಯ ಗುಣವನ್ನೇ ಹೊರುತ್ತದೆಂಬ ಖಾತ್ರಿಯಿಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ, ಗಿಡ ಮಲಗಿರುವಾಗ, ಕೊಳೆತ ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಬೆರೆಸಿದ ಮಣ್ಣಿನಲ್ಲಿ ನೆಡಬೇಕು. ಗಿಡದಿಂದ ಗಿಡಕ್ಕೆ ಒಂದು ಮೀಟರ್ ಅಂತರ ಹೆಚ್ಚೇನಲ್ಲ. ಮೊಗ್ಗಿನ ತುದಿ ಮಣ್ಣಿನ ಮಟ್ಟಕ್ಕೆ ಇರಲಿ. ಆಳಕ್ಕೆ ಹೂತು ನೀರು ನಿಲ್ಲಿಸಿದರೆ ಬುಡವೇ ಕೊಳೆಯುತ್ತದೆ. ಗೊಬ್ಬರ ಹರಡುವಾಗಲೂ ಮೊಗ್ಗು ಮುಚ್ಚದಂತೆ ಸುತ್ತ ಹಾಕುವುದು ವಾಡಿಕೆ. ಕುಂಡದಲ್ಲಾದರೆ ಅರ್ಧ ಮೀಟರ್ ಅಗಲವಾದರೂ ಬೇಕು, ಬೇಸಿಗೆಯಲ್ಲಿ ನೀರು ತಪ್ಪಬಾರದು.

ಕಷ್ಟವಿರುವುದು ಕಾಯುವುದರಲ್ಲಿ. ನೆಟ್ಟ ಮೊದಲ ವರ್ಷ ದಂಟು ಎಷ್ಟೇ ಚೆನ್ನಾಗಿ ಕಂಡರೂ ಮುಟ್ಟಬಾರದು. ಎರಡನೆಯ ವರ್ಷ ಕೆಲವು, ಮೂರನೆಯ ವರ್ಷದಿಂದ ಮನಸ್ಸಿಗೆ ಬಂದಷ್ಟು. ಆಗಲೂ ಗಿಡದ ಅರ್ಧದಷ್ಟು ಎಲೆ ಉಳಿಸಲೇಬೇಕು. ಚಾಕು ಬೇಡ. ದಂಟನ್ನು ಬುಡದಲ್ಲಿ ಹಿಡಿದು, ಸ್ವಲ್ಪ ತಿರುಚಿ ಎಳೆದರೆ ಬುಡದ ತೆಳುಪೊರೆ ಸಮೇತ ನುಣ್ಣಗೆ ಕಿತ್ತು ಬರುತ್ತದೆ. ಕೊಯ್ದರೆ ಉಳಿಯುವ ಮೋಟು ಕೊಳೆತು ರೋಗಕ್ಕೆ ದಾರಿಯಾಗುತ್ತದೆ. ಹೂವಿನ ಕಂಬ ಎದ್ದರೆ ಆಗಲೇ ತೆಗೆಯಬೇಕು, ಇಲ್ಲದಿದ್ದರೆ ಬಲವೆಲ್ಲ ಬೀಜಕ್ಕೆ ಹೋಗುತ್ತದೆ. ಐದಾರು ವರ್ಷಕ್ಕೊಮ್ಮೆ, ದಂಟು ಸಣ್ಣಗಾಗತೊಡಗಿದಾಗ, ಚಳಿಗಾಲದಲ್ಲಿ ಬುಡ ಅಗೆದು ಗುದ್ದಲಿಯಿಂದ ಹೋಳು ಮಾಡಿ, ಒಂದೊಂದು ಹೋಳಿನಲ್ಲೂ ಮೊಗ್ಗಿರುವಂತೆ ನೋಡಿ ಮತ್ತೆ ನೆಡುತ್ತಾರೆ. ಹೆಚ್ಚಾದ ಹೋಳು ನೆರೆಮನೆಗೆ.

ಜರ್ಮನಿಯಲ್ಲಿ ಜೂನ್ 24, ಸಂತ ಜಾನ್‌ನ ದಿನ, ರೂಬಾರ್ಬ್ ಕೊಯ್ಲಿನ ಕೊನೆ. ಆಮೇಲೆ ದಂಟು ವಿಷವಾಗುತ್ತದೆಂದು ಕೆಲವರು ನಂಬಿದ್ದಾರೆ. ಅಲ್ಲಿಂದಾಚೆ ಕೀಳದಿರುವುದಕ್ಕೆ ನಿಜವಾದ ಕಾರಣ, ಮುಂದಿನ ವರ್ಷಕ್ಕೆ ಬೇರು ಸತ್ವ ಕೂಡಿಡಲು ಗಿಡಕ್ಕೆ ಎಲೆ ಬೇಕು ಎನ್ನುವುದು. ಕತ್ತಲೆಯ ದಂಟು ಮನೆಯಲ್ಲೂ ಸಾಧ್ಯ: ಜನವರಿಯಲ್ಲಿ ಬಲಿತ ಗಿಡವೊಂದರ ಮೇಲೆ ಎತ್ತರದ ಮಣ್ಣಿನ ಕುಂಡವನ್ನೋ ಕಸದ ಡಬ್ಬಿಯನ್ನೋ ಬೋರಲು ಹಾಕಿ, ಸುತ್ತ ಹುಲ್ಲು ಒತ್ತಿದರೆ ಎಂಟು ವಾರದೊಳಗೆ ಗುಲಾಬಿ ದಂಟು ಸಿಗುತ್ತದೆ. ಆ ಗಿಡಕ್ಕೆ ಮುಂದಿನ ಒಂದೆರಡು ವರ್ಷ ವಿಶ್ರಾಂತಿ ಕೊಡಲೇಬೇಕು. ತಳಿ ಆರಿಸುವಾಗ ಬೇಗ ಬರುವುದಕ್ಕೆ ‘ಟಿಂಪರ್ಲಿ ಅರ್ಲಿ’, ಫಸಲಿಗೆ ‘ವಿಕ್ಟೋರಿಯಾ’ ಎನ್ನುವುದು ರೂಢಿ. ದಂಟು ಕೆಂಪಗಿದ್ದರೆ ಸಿಹಿ ಎನ್ನುವ ಎಣಿಕೆಗೆ ಆಧಾರವಿಲ್ಲ; ಹಸಿರು ದಂಟೂ ಅಷ್ಟೇ ರುಚಿ.

ಎಲೆಯ ವಿಷದ ಮಾತು ಮಾತ್ರ ನಿಜ. ಎಲೆಯಲ್ಲಿ ಆಕ್ಸಾಲಿಕ್ ಆಮ್ಲ ದಂಟಿಗಿಂತ ಹೆಚ್ಚು; ಜೊತೆಗೆ ಆಂತ್ರಕ್ವಿನೋನ್ ಜಾತಿಯ ಸಂಯುಕ್ತಗಳೂ ಇವೆ. ಮೊದಲ ಮಹಾಯುದ್ಧದ ಕಾಲದಲ್ಲಿ ತರಕಾರಿ ಕೊರತೆ ನೀಗಲು ರೂಬಾರ್ಬ್ ಎಲೆಯನ್ನು ಸೊಪ್ಪಿನಂತೆ ಬೇಯಿಸಿ ತಿನ್ನಬಹುದೆಂಬ ಸಲಹೆ ಬ್ರಿಟನ್ನಿನಲ್ಲಿ ಹರಡಿ, ಜನ ಕಾಯಿಲೆ ಬಿದ್ದರು, ಸಾವೂ ಆಯಿತು. ಒಂದು ಚೂರು ಬಾಯಿಗೆ ಹೋದರೆ ಪ್ರಾಣಕ್ಕೆ ಕುತ್ತು ಎನ್ನುವಂತಿಲ್ಲ, ಆದರೆ ಯಾವ ಸೊಪ್ಪನ್ನೂ ಬಿಸಾಡದ ನಮ್ಮ ಮನೆಗಳವರು ಇದೊಂದನ್ನು ಗಟ್ಟಿಯಾಗಿ ನೆನಪಿಡಬೇಕು: ಇದರ ಎಲೆ ಪಲ್ಯಕ್ಕಲ್ಲ. ಗೊಬ್ಬರದ ಗುಂಡಿಗೆ ಹಾಕಬಹುದು, ಅಲ್ಲಿ ಆಮ್ಲ ಕರಗಿ ಹೋಗುತ್ತದೆ. ದಂಟಿನಲ್ಲೂ ಆಕ್ಸಲೇಟ್ ಇರುವುದರಿಂದ ಮೂತ್ರಪಿಂಡದ ಕಲ್ಲಿನ ತೊಂದರೆ ಇದ್ದವರು ದೂರವಿರುವುದು ಕ್ಷೇಮ.

ಇದು ಹಣ್ಣೋ ತರಕಾರಿಯೋ ಎಂಬ ಜಗಳ ಕೋರ್ಟಿಗೂ ಹೋಗಿತ್ತು. 1947ರಲ್ಲಿ ಅಮೆರಿಕದ ಬಫಲೋದಲ್ಲಿ ಕಸ್ಟಮ್ಸ್ ನ್ಯಾಯಾಲಯ, ಜನ ಇದನ್ನು ಹಣ್ಣಿನ ಹಾಗೆ ಬಳಸುತ್ತಾರಾದ್ದರಿಂದ ಸುಂಕದ ಮಟ್ಟಿಗೆ ಹಣ್ಣು ಎಂದು ತೀರ್ಪು ಕೊಟ್ಟಿತು. ಟೆಹರಾನಿನಲ್ಲೋ ಕಾಬೂಲಿನಲ್ಲೋ ಆ ಮೊಕದ್ದಮೆ ನಡೆದಿದ್ದರೆ ತೀರ್ಪು ಬೇರೆಯಾಗುತ್ತಿತ್ತು. ಇರಾನಿನ ‘ಖೋರೆಷ್ ರೀವಾಸ್’ನಲ್ಲಿ ಕುರಿಮಾಂಸವನ್ನು ಹುರಿದ ಪುದೀನ, ಪಾರ್ಸ್ಲಿ ಸೊಪ್ಪುಗಳ ರಾಶಿಯಲ್ಲಿ ನಿಧಾನವಾಗಿ ಬೇಯಿಸಿ, ಒಲೆಯಿಂದ ಇಳಿಸುವ ಮೊದಲು ಕೊನೆಯ ಕಾಲು ಗಂಟೆಯಲ್ಲಿ ರೂಬಾರ್ಬ್ ತುಂಡು ಹಾಕುತ್ತಾರೆ. ಮೊದಲೇ ಹಾಕಿದರೆ ಕರಗಿ ಕಾಣೆಯಾಗುತ್ತದೆ. ಅನ್ನದ ಮೇಲೆ ಅದನ್ನು ಸುರಿದುಕೊಂಡರೆ ಹುಳಿ ಮಾಂಸದ ಜಿಡ್ಡನ್ನು ಕತ್ತರಿಸುತ್ತದೆ. ಜರತುಷ್ಟ್ರರ ‘ಬುಂದಹಿಶ್ನ್’ ಗ್ರಂಥದಲ್ಲಿ ಮೊದಲ ಮಾನವ ಜೋಡಿ ಮಶ್ಯ ಮತ್ತು ಮಶ್ಯಾನ ಹುಟ್ಟಿದ್ದೇ ರೂಬಾರ್ಬ್ ಗಿಡದ ರೂಪದಲ್ಲಿ. ಅಫ್ಘಾನಿಸ್ತಾನದಲ್ಲಿ ವಸಂತ ಬಂತೆಂದರೆ ಬೆಟ್ಟದ ದಂಟು ಪೇಟೆಗೆ ಬರುತ್ತದೆ. ನಾರು ಸುಲಿದು, ಉಪ್ಪು ಹಚ್ಚಿ ಹಸಿಯಾಗಿಯೇ ತಿನ್ನುತ್ತಾರೆ. ಕಾಶ್ಮೀರದಲ್ಲೂ ಕಾಡು ರೂಬಾರ್ಬ್ ದಂಟನ್ನು ತರಕಾರಿಯಾಗಿ ಬೇಯಿಸುತ್ತಾರೆ.

ಕನ್ನಡದ ಅಡುಗೆಗೆ ಇದನ್ನು ತರುವವರು ದಂಟಿನ ಸ್ವಭಾವವನ್ನು ಮೊದಲು ತಿಳಿಯಬೇಕು. ಅದರ ತೂಕದಲ್ಲಿ ನೂರಕ್ಕೆ 94 ಪಾಲು ನೀರು. ಬಾಣಲೆಗೆ ಹಾಕಿದ ಐದು ನಿಮಿಷದಲ್ಲಿ ತುಂಡುಗಳು ಮೆತ್ತಗಾಗಿ, ಏಳೆಂಟು ನಿಮಿಷದಲ್ಲಿ ಎಳೆಎಳೆಯಾಗಿ ಬಿಡುತ್ತವೆ. ಆದ್ದರಿಂದ ಪಲ್ಯದ ತುಂಡಾಗಿ ಅದು ನಿಲ್ಲುವುದಿಲ್ಲ. ಹುಣಸೆರಸದ ಜಾಗಕ್ಕೆ ಸಲ್ಲುತ್ತದೆ. ತೊವ್ವೆಗೆ ಇದು ಚೆನ್ನಾಗಿ ಒಗ್ಗುತ್ತದೆ. ಒಂದು ಬಟ್ಟಲು ತೊಗರಿಬೇಳೆಯನ್ನು ಅರಿಸಿನ ಹಾಕಿ ಮೊದಲು ಪೂರ್ತಿ ಬೇಯಿಸಿಕೊಳ್ಳಬೇಕು, ಹುಳಿ ಸೇರಿದ ನೀರಿನಲ್ಲಿ ಬೇಳೆ ಬೇಗ ಮೆತ್ತಗಾಗುವುದಿಲ್ಲ. ಎರಡು ಮಧ್ಯಮ ದಂಟನ್ನು ಅಂಗುಲದ ತುಂಡು ಮಾಡಿ, ಹಸಿಮೆಣಸಿನಕಾಯಿ, ಸ್ವಲ್ಪ ನೀರಿನ ಜೊತೆ ಬೇರೆಯಾಗಿ ಮೆತ್ತಗೆ ಮಾಡಿಕೊಂಡು ಬೇಳೆಗೆ ಬೆರೆಸಿ, ಉಪ್ಪು, ಸಣ್ಣ ಉಂಡೆ ಬೆಲ್ಲ ಹಾಕಿ ಒಂದು ಕುದಿ. ಮೇಲೆ ತುಪ್ಪದಲ್ಲಿ ಸಾಸಿವೆ, ಜೀರಿಗೆ, ಇಂಗು, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಹುಣಸೆಯ ಗಾಢತೆ ಇದರಲ್ಲಿಲ್ಲ, ಎಳೆ ಮಾವಿನಕಾಯಿಯ ಹಗುರ ಹುಳಿ ಇದೆ. ಕೆಂಪು ದಂಟಿನ ಬಣ್ಣ ಬೇಳೆಯಲ್ಲಿ ಉಳಿಯುವುದಿಲ್ಲ.

ಉತ್ತರ ಕರ್ನಾಟಕದವರಿಗೆ ಪುಂಡಿಪಲ್ಯದ ಮಾದರಿ ಇನ್ನೂ ಸಲೀಸು. ಜೋಳದ ನುಚ್ಚು, ಬೇಳೆ ಬೇಯಿಸಿ, ಪುಂಡಿ ಸೊಪ್ಪಿನ ಬದಲು ಪಾಲಕ್ ಸೊಪ್ಪು ಮತ್ತು ರೂಬಾರ್ಬ್ ದಂಟು ಸೇರಿಸಿ ಮಸೆದರೆ ಸೊಪ್ಪಿನ ಮೈ, ದಂಟಿನ ಹುಳಿ ಎರಡೂ ಸಿಗುತ್ತವೆ. ಎಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಗೆ ಹುರಿದು ಸುರಿಯಬೇಕು, ರೊಟ್ಟಿಗೆ ಚೆನ್ನ. ಗೊಜ್ಜಿಗೆ ಬೆಲ್ಲ ಹೆಚ್ಚು, ಮೆಂತ್ಯ ಹುರಿದ ಪುಡಿ ಚಿಟಿಕೆ. ಪಾತ್ರೆಯ ವಿಷಯದಲ್ಲಿ ಎಚ್ಚರ ಬೇಕು: ದಂಟಿನ ಆಮ್ಲ ಅಲ್ಯೂಮಿನಿಯಂ, ಬರಿಯ ಕಬ್ಬಿಣಗಳ ಜೊತೆ ಕೂಡಿ ಬಣ್ಣ, ರುಚಿ ಎರಡನ್ನೂ ಕೆಡಿಸುತ್ತದೆ. ಸ್ಟೀಲ್ ಸರಿ.

ಹಾಗೆಂದು ಸಿಹಿಯ ದಾರಿ ಕೀಳಲ್ಲ. ಕಿತ್ತಳೆ ಸಿಪ್ಪೆ, ಶುಂಠಿಗಳ ಜೊತೆ ರೂಬಾರ್ಬ್ ಅದ್ಭುತವಾಗಿ ಕೂಡುತ್ತದೆ. ಬೆರಳುದ್ದದ ತುಂಡುಗಳನ್ನು ಸಕ್ಕರೆ ಉದುರಿಸಿ, ಮುಚ್ಚಿ, 180 ಡಿಗ್ರಿ ಓವನ್‌ನಲ್ಲಿ ಕಾಲು ಗಂಟೆ ಇಟ್ಟರೆ ಆಕಾರ ಕೆಡದೆ ಬೇಯುತ್ತವೆ. ಒಲೆಯ ಮೇಲೆ ಕಲಕಿದರೆ ಮುದ್ದೆಯಾಗುತ್ತವೆ. ಅದರ ಮೇಲೆ ಮೈದಾ, ಬೆಣ್ಣೆ, ಸಕ್ಕರೆ ಉದುರಾಗಿ ಕಲಸಿ ಹರಡಿ ಬೇಯಿಸಿದ್ದೇ ಕ್ರಂಬಲ್. ಇಂಗ್ಲಿಷರು ಇದಕ್ಕೆ ಹಾಲಿನ ಕಸ್ಟರ್ಡ್ ಹಾಕಿಕೊಳ್ಳುವುದರಲ್ಲಿ ಅರ್ಥವಿದೆ: ಹಾಲಿನ ಸುಣ್ಣದಂಶ ಆಕ್ಸಲೇಟನ್ನು ಹಿಡಿದುಕೊಂಡು, ಹಲ್ಲು ಚುರುಚುರು ಎನ್ನುವುದನ್ನು ತಗ್ಗಿಸುತ್ತದೆ. ಹಣ್ಣಿನ ಮರ ವಿರಳವಾದ ಐಸ್‌ಲ್ಯಾಂಡಿನಲ್ಲಿ ರೂಬಾರ್ಬ್ ಜಾಮ್ ಮನೆಮನೆಯ ಮಾತು. ಓಟ್ಸ್ ಹಿಟ್ಟಿನ ನಡುವೆ ಆ ಜಾಮ್ ತುಂಬಿ ಮಾಡುವ ಕೇಕನ್ನು ಅಲ್ಲಿ ಕಾಫಿಯ ಜೊತೆ ಕೊಡುತ್ತಾರೆ.

ಮೇ ತಿಂಗಳಲ್ಲಿ ಒಂದೇ ಗಿಡ ಮನೆಮಂದಿ ತಿಂದು ಮುಗಿಸಲಾರದಷ್ಟು ಕೊಡುತ್ತದೆ. ಆಗ ದಂಟು ತೊಳೆದು, ಒರೆಸಿ, ಅಂಗುಲದ ತುಂಡು ಮಾಡಿ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಫ್ರೀಜರ್‌ನಲ್ಲಿ ಗಟ್ಟಿ ಮಾಡಿಕೊಂಡು ಚೀಲಕ್ಕೆ ತುಂಬಿದರೆ ಮುಂದಿನ ಹಂಗಾಮಿನವರೆಗೆ ಬರುತ್ತದೆ. ಬಿಸಿನೀರಿನಲ್ಲಿ ಅದ್ದುವ ಅಗತ್ಯವಿಲ್ಲ. ಕರಗಿದಾಗ ನೀರು ಬಿಟ್ಟು ಕುಗ್ಗುವುದರಿಂದ ಓವನ್ ತಿನಿಸಿಗೆ ಅದು ಅಷ್ಟು ಸರಿಹೋಗದು, ತೊವ್ವೆಗೆ ಮತ್ತು ಗೊಜ್ಜಿಗೆ ಸರಿಯಾಗಿ ಒದಗುತ್ತದೆ. ಹುಣಸೆ ನೆನೆಸಲು ಬಿಡುವಿಲ್ಲದ ಸಂಜೆ ಹಿಡಿ ತುಂಡು ತೆಗೆದು ನೇರ ಬಾಣಲೆಗೆ ಹಾಕಬಹುದು.